ಪೇಟೆಯಲ್ಲಿ ಓಡಾಡಲು ಸ್ಕೂಟರ್ ಎರವಲು: ಸ್ವಲ್ಪ ನಡೆಯಲು ಬರುವವರೂ ತಗೊಳ್ಳಬಹುದಾ?

ಸಂಜೆಮಲ್ಲಿಗೆ:
ನನಗೆ ಸಂಧಿವಾತ ಇದೆ. ಮನೆಯೊಳಗೆ ಓಡಾಡುತ್ತೇನೆ, ಆದರೆ ಪೇಟೆಗೆ ಹೋದರೆ ಎರಡು ಅಂಗಡಿ ದಾಟುವಷ್ಟರಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ಎಲ್ಲಿ ಕೂರಲಿ ಅಂತ ಹುಡುಕುವುದೇ ಕೆಲಸ. ಬರ್ತಾ ಬರ್ತಾ ಹೋಗುವುದನ್ನೇ ಬಿಟ್ಟಿದ್ದೇನೆ. ಪೇಟೆಯ ನಡುವೆಯೇ ವೀಲ್‌ಚೇರ್, ನಡೆಯಲು ಕಷ್ಟ ಇರುವವರು ಕೂತು ಓಡಿಸುವ ಮೂರು-ನಾಲ್ಕು ಚಕ್ರದ ಬ್ಯಾಟರಿ ಸ್ಕೂಟರ್ ಒಂದು ದಿನದ ಮಟ್ಟಿಗೆ ಕೊಡುವ ಸಮುದಾಯ ಸೇವೆ ಇದೆ ಅಂತ ಗೊತ್ತಾಯಿತು. ನನ್ನಂಥವರು ತಗೊಂಡರೆ, ನನಗಿಂತ ಜಾಸ್ತಿ ಕಷ್ಟ ಇರುವವರದ್ದನ್ನು ಕಿತ್ತುಕೊಂಡ ಹಾಗೆ ಆಗುವುದಿಲ್ವಾ? ಸ್ಕೂಟರಿನಿಂದ ಎದ್ದು ನಿಂತರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಅಳುಕೂ ಇದೆ. ಬೆರಳುಗಳೂ ಸರಿಯಾಗಿ ಮಡಚುವುದಿಲ್ಲ.

ಗಾಲಿಗೆಳೆಯ:
ಅಕ್ಕ, ಧಾರಾಳವಾಗಿ ತಗೊಳ್ಳಿ. ನಾನು ಇಂಥದೇ ಕೇಂದ್ರದಲ್ಲಿ ಸ್ವಯಂಸೇವಕ. ನಮ್ಮಲ್ಲಿ ಬರುವವರಲ್ಲಿ ತುಂಬ ಜನ ನಿಮ್ಮ ಹಾಗೇ ನಾಲ್ಕು ಹೆಜ್ಜೆ ನಡೆಯಬಲ್ಲವರು. ಉಬ್ಬಸ ಇರುವವರು, ಹೃದಯದ ತೊಂದರೆ ಇರುವವರು, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಎಲ್ಲರೂ ಬರುತ್ತಾರೆ. ಬ್ರಿಟನ್ನಿನ ಮಿಲ್ಟನ್ ಕೀನ್ಸ್‌ನಲ್ಲಿ 1979ರಲ್ಲಿ ಶಾಪ್‌ಮೊಬಿಲಿಟಿ ಅಂತ ಇಂಥ ಸೇವೆ ಶುರುವಾಯಿತು, ಆಮೇಲೆ ಅಲ್ಲಿನ ಬೇರೆ ಊರುಗಳಿಗೂ ಹರಡಿತು. ಸ್ವಂತ ಸ್ಕೂಟರ್ ಇಲ್ಲದವರೂ ಪೇಟೆಗೆ ಬಂದಾಗ ಸುಸ್ತಾಗದೆ ಓಡಾಡಲಿ ಅನ್ನುವುದಕ್ಕೇ ಇದು ಇರುವುದು.

ಮೊದಲೇ ಫೋನ್ ಮಾಡಿ ಕಾದಿರಿಸಿ, ಗುರುತಿನ ಚೀಟಿ ತಗೊಂಡು ಹೋಗಿ. ತೂಕ ಕೇಳುತ್ತಾರೆ, ಮುಜುಗರ ಬೇಡ, ಪ್ರತಿ ಗಾಡಿಗೂ ಹೊರುವ ಮಿತಿ ಇರುತ್ತದೆ. ಕೇಂದ್ರದವರ ಎದುರೇ ಓಡಿಸಿ ನೋಡಿ. ವೇಗದ ತಿರುಪನ್ನು ಕಡಿಮೆಯಲ್ಲೇ ಇಡಿ. ಗಾಡಿ ಓಡಿಸಲು ಹ್ಯಾಂಡಲ್ ಹತ್ತಿರ ಒತ್ತುವ ಲಿವರ್ ಇರುತ್ತದೆ, ಅದನ್ನು ಬಿಟ್ಟರೆ ಗಾಡಿ ತಾನೇ ನಿಲ್ಲುತ್ತದೆ, ಗಾಬರಿಯಾದಾಗ ಜನ ಅದನ್ನೇ ಇನ್ನೂ ಗಟ್ಟಿಯಾಗಿ ಹಿಡಿದುಬಿಡುತ್ತಾರೆ, ಅದಕ್ಕೇ ನಾಲ್ಕಾರು ಸಲ ಬಿಟ್ಟು ನಿಲ್ಲಿಸಿ ಅಭ್ಯಾಸ ಮಾಡಿ. ಏಳುವ ಮೊದಲು ಕೀ ಆಫ್ ಮಾಡಲೇಬೇಕು. ಹ್ಯಾಂಡಲ್ ಮೇಲೆ ಭಾರ ಹಾಕಿ ಏಳುವಾಗ ಕೈ ಲಿವರ್‌ಗೆ ತಗುಲಿದರೆ ಗಾಡಿ ಹೊರಟುಬಿಡುತ್ತದೆ.

ನೀಲಿಛತ್ರಿ:
ಮೇಲಿನದು ಸರಿ, ಆದರೆ ಎಲ್ಲರಿಗೂ ಸ್ಕೂಟರೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆರಳು ಮಡಚುವುದಿಲ್ಲ ಅಂದಿರಲ್ಲ, ಸ್ಕೂಟರಿನ ಲಿವರನ್ನು ಹೋಗುವಷ್ಟು ಹೊತ್ತೂ ಒತ್ತಿ ಹಿಡಿದಿರಬೇಕು. ಜಾಯ್‌ಸ್ಟಿಕ್ (ಬೇಕಾದ ಕಡೆಗೆ ವಾಲಿಸಿ ಗಾಡಿ ಓಡಿಸುವ ಪುಟ್ಟ ಹಿಡಿ) ಇರುವ ಬ್ಯಾಟರಿ ವೀಲ್‌ಚೇರ್ ಇದೆಯಾ ಕೇಳಿ, ಅದನ್ನು ಅಂಗೈಯಿಂದ ಮೆಲ್ಲಗೆ ತಳ್ಳಿದರೂ ಸಾಕು. ಅಂಗಡಿಯೊಳಗಿನ ಇಕ್ಕಟ್ಟಿನಲ್ಲೂ ಚೆನ್ನಾಗಿ ತಿರುಗುತ್ತದೆ. ಸ್ಕೂಟರೇ ಬೇಕು ಅಂದರೆ, ಮೂರು ಚಕ್ರದ್ದು ಸಲೀಸಾಗಿ ತಿರುಗುತ್ತದೆ, ಆದರೆ ಒಂದು ಪಕ್ಕಕ್ಕೆ ವಾಲಿದ ಫುಟ್‌ಪಾತ್ ಮೇಲೆ ನಾಲ್ಕು ಚಕ್ರದ್ದೇ ಭದ್ರ.

ಇನ್ನೊಂದು. ಯಾರೋ ತಳ್ಳುವ ಚಿಕ್ಕ ಚಕ್ರದ ಕುರ್ಚಿಯನ್ನೇ ಸುಮ್ನೆ ಒಪ್ಪಿಕೊಂಡು ಬಿಡಬೇಡಿ. ಅದರಲ್ಲಿ ಕೂತರೆ ತಳ್ಳುವವರು ನಿಂತ ಕಡೆ ನಾವು ನಿಲ್ಲಬೇಕು, ಅವರು ತಿರುಗಿಸಿದ ಕಡೆ ನೋಡಬೇಕು. ನನಗೆ ಬೇಕಾದ ಅಂಗಡಿಗೆ ನಾನೇ ಹೋಗಿ, ಇಷ್ಟವಾಗದಿದ್ದರೆ ನಾನೇ ಹೊರಗೆ ಬರುವುದು ಎಷ್ಟು ದೊಡ್ಡ ವಿಷಯ ಅಂತ ಅದು ಸಿಕ್ಕಿದ ಮೇಲೇ ನನಗೆ ಗೊತ್ತಾಗಿದ್ದು. ಜನ ನೋಡಿದರೆ ನೋಡಲಿ ಅಕ್ಕ.

ಸಂಜೆಮಲ್ಲಿಗೆ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ಜಾಯ್‌ಸ್ಟಿಕ್ ವಿಷಯ ನನಗೆ ಹೊಳೆದೇ ಇರಲಿಲ್ಲ. ದಾರಿ ಮಧ್ಯದಲ್ಲಿ ಬ್ಯಾಟರಿ ಮುಗಿದರೆ ಏನು ಮಾಡುವುದು?

ಗಾಲಿಗೆಳೆಯ:
ಮೊದಲು ಕೇಂದ್ರಕ್ಕೆ ಫೋನ್ ಮಾಡಿ, ಅದಕ್ಕೇ ನಂಬರ್ ಹೊರಡುವಾಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಂಡಿರಿ. ಚಾರ್ಜ್ ಮುಳ್ಳನ್ನು ನಿಂತಾಗಲ್ಲ, ಓಡುವಾಗ ನೋಡಿ, ನಿಂತಾಗ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಏರು ದಾರಿಯಲ್ಲಿ ಬೇಗ ಇಳಿಯುತ್ತದೆ. ಗಾಡಿಯನ್ನು ಕೈಯಲ್ಲಿ ತಳ್ಳಲು ಬೇರೆಯೇ ಒಂದು ಲಿವರ್ ಇರುತ್ತದೆ, ಅದನ್ನು ಬಿಡಿಸಿದರೆ ಬ್ರೇಕ್ ಇರುವುದಿಲ್ಲ, ಹಾಗಾಗಿ ಇಳಿಜಾರಿನಲ್ಲಿ ನೀವು ಕೂತಿರುವಾಗ ಯಾರಿಗೂ ಅದನ್ನು ಮುಟ್ಟಲು ಬಿಡಬೇಡಿ.

ರ‍್ಯಾಂಪ್ ವಿಷಯ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವುದು ಸಾಮಾನ್ಯ ಅಳತೆ. ಅದಕ್ಕಿಂತ ಕಡಿದಾಗಿ ಕಂಡರೆ ಒಬ್ಬರೇ ಹತ್ತಿಸಬೇಡಿ. ಗಾಡಿ ವಾಪಸ್ ಕೊಡುವಾಗ ಎಲ್ಲಿ ಫುಟ್‌ಪಾತ್‌ನಿಂದ ಇಳಿಯಲು ಇಳಿಜಾರು ಇಲ್ಲ, ಎಲ್ಲಿ ಬೈಕ್ ನಿಲ್ಲಿಸಿ ದಾರಿ ಮುಚ್ಚಿದ್ದಾರೆ ಅಂತ ಹೇಳಿ. ನಾವು ಅದನ್ನೆಲ್ಲ ಬರೆದಿಟ್ಟುಕೊಂಡು ಪುರಸಭೆಗೆ ಕೊಡುತ್ತೇವೆ, ನಿಮ್ಮ ಕೇಂದ್ರದವರನ್ನೂ ಕೇಳಿ ನೋಡಿ.