ಗಡ್ಡಿ ಆದ್ರ ರಕ್ತದ ಗುಂಪು ಬದಲಾಗ್ತದೇನ್ರಿ?

ಆಳಂದದಿಂದ: ಕಾಕಾಗ ದೊಡ್ಡ ಕರುಳಿನ ಕ್ಯಾನ್ಸರ್, ಎಡಕ್ಕ ಸಿಗ್ಮಾಯ್ಡ್‌ದಾಗ (ದೊಡ್ಡ ಕರುಳಿನ ಕೊನೀಕಡೆ ಬಾಗಿದ ಭಾಗ). ಮುಂದಿನ ವಾರ ಕಲಬುರಗಿಯಾಗ ಆಪರೇಷನ್. ರಕ್ತ ಎ ಪಾಸಿಟಿವ್. ಗಡ್ಡ್ಯಾಗ ರಕ್ತಗುಂಪಿನ ಎಂಜೈಮ್ ಏರುಪೇರಾಗ್ತದಂತ. ಕೊಡೋ ರಕ್ತನೂ ಬ್ಯಾರೆ ಆಗ್ಬೇಕೇನು?

ಉತ್ತರ: ಏರುಪೇರು ಖರೇನ ಅದ. ಎ ಎಂಜೈಮ್ ಎಚ್ ಅನ್ನೋ ಸಕ್ಕರಿ ಸರಕ್ಕ ಇನ್ನೊಂದು ಸಕ್ಕರಿ ಪೋಣಿಸ್ತದ, ಅದೇ ಎ ಗುರುತು. ದೊಡ್ಡವರಾದ ಮ್ಯಾಲ ಎಡಗಡೆ ಕರುಳಿನಾಗ ಈ ಗುರುತು ಬಹುತೇಕ ಇರಲ್ಲ. ಗಡ್ಡಿ ಆದ್ರ ಮತ್ತ ಕಾಣಸ್ತದ. ಬಲಗಡೆ ಗಡ್ಡಿಯೊಳಗ ಉಲ್ಟಾ, ಇದ್ದದ್ದು ಹೋಗ್ತದ. ಕೆಂಪು ಕಣ ಹುಟ್ಟೋದು ಎಲುಬಿನ ಮಜ್ಜೆಯಾಗ, ಅದಕ್ಕೂ ಗಡ್ಡ್ಯಾಗಿನ ಈ ಏರುಪೇರಿಗೂ ಸಂಬಂಧಿಲ್ರಿ. ಅದಕ್ಕ ರಕ್ತದ ಗುಂಪು ಬದಲಾಗಲ್ಲ, ಕೊಡೋ ರಕ್ತನೂ ಬ್ಯಾರೆ ಬೇಕಿಲ್ಲ.

ಬೀದರ್ ಲ್ಯಾಬಿನವ: ಒಂದ್ ಮಾತು. ಕರುಳಿನ ಕ್ಯಾನ್ಸರಿದ್ದ ಎ ಗುಂಪಿನವ್ರು ಅಪರೂಪಕ್ಕ ಎಬಿ ಅಂತ ತೋರಸ್ತಾರ. ಬ್ಯಾಕ್ಟೀರಿಯಾದ ಎಂಜೈಮ್ ಎ ಗುರುತನ್ನ ಕೆತ್ತಿ ಬಿ ಥರ ಮಾಡ್ತದ, ಅಷ್ಟ. ಅಂಥವ್ರಿಗೆ ಎ ರಕ್ತನೇ ಕೊಡ್ತಾರ. ಹಳೇ ರಿಪೋರ್ಟ್ ಒಯ್ಯಿರಿ, ಕ್ರಾಸ್‌ಮ್ಯಾಚ್ (ಕೊಡೋ ರಕ್ತ ರೋಗಿ ರಕ್ತಕ್ಕ ಹೊಂದ್ತದೇನು ಅಂತ ನೋಡೋ ಪರೀಕ್ಷೆ) ಬಿಡಬ್ಯಾಡ್ರಿ.