ಮುಧೋಳ ಮರಿಯ ಮೊದಲ ಡಾಗ್ ಶೋ

ಪ್ರಶ್ನೆ: ನಮ್ಮ ಮುಧೋಳ ಹೆಣ್ಣುಮರಿಗೆ ಹತ್ತು ತಿಂಗಳು, ಮುಂದಿನ ತಿಂಗಳು ಬೆಂಗಳೂರಲ್ಲಿ ಮೊದಲ ಶೋ. ಒಂದು ಕಡೆ ನಿಲ್ಲೋದೇ ಇಲ್ಲ, ಪಾರಿವಾಳ ಕಂಡರೆ ಸಾಕು, ನನ್ನನ್ನೂ ಎಳೆದುಕೊಂಡು ಓಡುತ್ತಾಳೆ. ಏನು ಮಾಡಲಿ?

ಉತ್ತರ 1: ಬೇಟೆನಾಯಿ ಅಲ್ವಾ, ಓಡೋದು ಕಂಡರೆ ಬಿಡಲ್ಲ. ಅವತ್ತು ಬೆಳಿಗ್ಗೆ ಚೆನ್ನಾಗಿ ನಡೆಸಿ, ಆದರೆ ಸುಸ್ತು ಮಾಡಬೇಡಿ. ರಿಂಗಿನಲ್ಲಿ ನಾಯಿ ನಿಮ್ಮ ಎಡಕ್ಕಿರಲಿ, ಜಡ್ಜ್‌ಗೆ ನೀವು ಅಡ್ಡ ನಿಲ್ಲಬೇಡಿ. ನಾಗಾಲೋಟ ಬೇಡ, ಒಂದೇ ಸಮನೆ ಟ್ರಾಟ್, ಅಂದರೆ ಹದವಾದ ಓಟ ಸಾಕು.

ಉತ್ತರ 2: ಜಡ್ಜ್ ಹಲ್ಲು ನೋಡ್ತಾರೆ, ಹಲ್ಲು ತೋರಿಸೋದನ್ನ ಈಗಲೇ ರೂಢಿ ಮಾಡಿಸಿ. ತುಟಿ ಎತ್ತಿ ನೋಡಿ, ತಕ್ಷಣ ಒಂದು ಚೂರು ಬೇಯಿಸಿದ ಚಿಕನ್ ಕೊಡಿ. ಪಕ್ಕದ ಮನೆಯವರ ಕೈಲೂ ಮಾಡಿಸಿ, ಜಡ್ಜ್ ಅಪರಿಚಿತರೇ ತಾನೇ.

ಉತ್ತರ 3: ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಶೋ ಆದರೆ ನೋಂದಣಿ ಕಾಗದ ನೋಡಿಕೊಳ್ಳಿ. ಅವರ ದಾಖಲೆಯಲ್ಲಿ ಈ ತಳಿ ‘ಕ್ಯಾರವಾನ್ ಹೌಂಡ್’, ಮುಧೋಳ ಅಂತ ಹುಡುಕಿ ಗಾಬರಿ ಆಗಬೇಡಿ.

ಪ್ರಶ್ನೆ ಕೇಳಿದವರು: ತುಟಿ ಎತ್ತಿದರೆ ಮುಖ ನೆಕ್ಕುತ್ತಾಳೆ, ನಡೆಯುತ್ತಾ?

ಉತ್ತರ 2: ಧಾರಾಳವಾಗಿ. ಕಚ್ಚದಿದ್ದರೆ ಆಯ್ತು!