ರೋಸಮಂಡ್ ಕಥೆಗೆ ವಿಷದ ಬಟ್ಟಲು ಬೇಕೇ?

ಕ್ಯಾತ್ಸಂದ್ರದ ಓದುಗಿ:
ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಮತ್ತು ಅವನು ಮನಸೋತ ರೋಸಮಂಡ್ ಕ್ಲಿಫರ್ಡಳನ್ನು ಕುರಿತು ಕಿರುಕಾದಂಬರಿ ಬರೆಯುತ್ತಿದ್ದೇನೆ. ದೊರೆ ಅವಳನ್ನು ವುಡ್‌ಸ್ಟಾಕಿನಲ್ಲಿ ಚಕ್ರವ್ಯೂಹದಂಥ ಮನೆಯೊಳಗೆ ಬಚ್ಚಿಟ್ಟಿದ್ದನೆಂದೂ, ರಾಣಿ ಎಲೀನರ್ ದಾರದ ಎಳೆ ಹಿಡಿದು ಒಳಹೊಕ್ಕು, ಕಠಾರಿಯೋ ವಿಷದ ಬಟ್ಟಲೋ ಆರಿಸಿಕೋ ಎಂದಳೆಂದೂ ಐತಿಹ್ಯವಿದೆ. ಅದನ್ನೇ ಕೊನೆಯ ಅಧ್ಯಾಯವಾಗಿಸಿದರೆ ಚರಿತ್ರೆ ಬಲ್ಲವರು ನಗುವರೇ? ಇನ್ನೊಂದು ತೊಡಕೂ ಇದೆ. ಏಕಾಂತದಲ್ಲಿ ಅವಳು ದೊರೆಯನ್ನು "ನೀನು" ಎನ್ನಬೇಕೋ, "ನೀವು" ಎನ್ನಬೇಕೋ?

ನಿವೃತ್ತ ಮೇಷ್ಟ್ರು, ತಿಪಟೂರು:
ಖಂಡಿತ ನಗುತ್ತಾರೆ. 1173ರಲ್ಲಿ ಮಕ್ಕಳು ತಂದೆಯ ಮೇಲೆ ದಂಗೆಯೆದ್ದಾಗ ಅವರ ಪಕ್ಷ ವಹಿಸಿದ ಎಲೀನರ್ ಸೆರೆಸಿಕ್ಕಳು, 1189ರಲ್ಲಿ ಹೆನ್ರಿ ತೀರಿಕೊಳ್ಳುವ ತನಕ ಕಾವಲಿನಲ್ಲೇ ಇದ್ದಳು. ರೋಸಮಂಡ್ ಸತ್ತದ್ದು 1176ರ ಸುಮಾರಿಗೆ. ಬಟ್ಟಲು, ಕಠಾರಿಗಳು ಕಥೆಗೆ ಸೇರಿದ್ದು ಶತಮಾನಗಳ ನಂತರ. ಅದಕ್ಕಿಂತ ಎದೆಗೆ ನಾಟುವ ಸಂಗತಿ ದಾಖಲೆಯಲ್ಲೇ ಇದೆ: ಆಕ್ಸ್‌ಫರ್ಡ್ ಬಳಿಯ ಗಾಡ್‌ಸ್ಟೋ ಸಂನ್ಯಾಸಿನಿಯರ ಮಠದಲ್ಲಿ, ಬಲಿಪೀಠದ ಮುಂದೆಯೇ, ರೇಷ್ಮೆ ಹೊದಿಸಿ ದೀಪವಿಟ್ಟಿದ್ದ ಅವಳ ಸಮಾಧಿಯನ್ನು ಕಂಡ ಲಿಂಕನ್ನಿನ ಬಿಷಪ್ ಹ್ಯೂ, ಇಂಥವಳು ಚರ್ಚಿನೊಳಗೆ ಇರಕೂಡದೆಂದು 1191ರಲ್ಲಿ ಅವಳನ್ನು ಹೊರಗೆ ಹೂಳಿಸಿದ.

ಗೂಳೂರಿನವ:
ಮೇಷ್ಟ್ರ ಲೆಕ್ಕ ಸರಿ, ಆದರೆ ಐತಿಹ್ಯವನ್ನು ಹೀಗೆ ಹೊರದಬ್ಬುವುದನ್ನು ನಾನು ಒಪ್ಪಲಾರೆ. ನಮ್ಮೂರ ಪಕ್ಕದ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದವನು ಹೊಯ್ಸಳರ ಸಾಮಂತ ಗೂಳೆ ಬಾಚಿ, ಅದೂ ಹೆನ್ರಿಯ ಕಾಲದ ಆಸುಪಾಸಿನಲ್ಲೇ. ಆದರೂ ಅಲ್ಲಿ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ಜಕಣಾಚಾರಿಗೆ ಕೈ ಮರಳಿ ಬಂದ ಕಥೆ. ಬಟ್ಟಲನ್ನು ಘಟನೆಯಾಗಿಸದೆ, ಎಷ್ಟೋ ಕಾಲದ ಮೇಲೆ ವುಡ್‌ಸ್ಟಾಕಿನ ಯಾವಳೋ ಮುದುಕಿ ಹೇಳುವ ಸುದ್ದಿಯಾಗಿಸಿ.

ಇನ್ನು ಸಂಬೋಧನೆ. ಹೆನ್ರಿಯ ಆಸ್ಥಾನದ ಮಾತು ಫ್ರೆಂಚ್, ಅದರಲ್ಲೂ ನಮ್ಮಂತೆ ಏಕವಚನ, ಬಹುವಚನಗಳೆರಡೂ ಉಂಟು. ಆಗಿನ ಕಾವ್ಯಗಳಲ್ಲಿ ಒಬ್ಬರನ್ನೇ ಒಮ್ಮೆ ಹಾಗೆ, ಒಮ್ಮೆ ಹೀಗೆ ಕರೆಯುವುದೂ ಇದೆ. ಏಕಾಂತದಲ್ಲಿ "ನೀನು" ಎನ್ನಲಿ. ಮುನಿಸು ಬಂದಾಗ ಮಾತ್ರ, ನಮ್ಮ ಮನೆಗಳಲ್ಲಿ ಆಗುವ ಹಾಗೆ, ಥಟ್ಟನೆ "ತಾವು ದಯಮಾಡಿಸಬಹುದು" ಎಂದುಬಿಡಲಿ!

ಕ್ಯಾತ್ಸಂದ್ರದ ಓದುಗಿ:
"ತಾವು" ಈಗಾಗಲೇ ಮೂರನೆಯ ಅಧ್ಯಾಯ ಸೇರಿತು. ವಿಷದ ಬಟ್ಟಲನ್ನು ಮುದುಕಿಯ ಬಾಯಿಗೆ ಒಪ್ಪಿಸಿದ್ದೇನೆ. ಬಿಷಪ್ ಹೊರಟುಹೋದ ಮೇಲೆ ಸಂನ್ಯಾಸಿನಿಯೊಬ್ಬಳು, ಮೇಣದ ಕಲೆ ಬಿದ್ದ ಆ ರೇಷ್ಮೆಯನ್ನು ಉಗುರಿನಿಂದ ಕೆರೆದು ಮಡಿಸಿಡುತ್ತಿರುವಲ್ಲಿಗೆ ಕಾದಂಬರಿ ನಿಲ್ಲುತ್ತದೆ.